ಗೋಪುರದ ಪಕ್ಕದ ಮನೆ

ವಾಷಿಂಗ್ಟನ್ ನಗರದ ಒಂದು ಹಳೆಯ ಬೀದಿಯಲ್ಲಿ ಏಳು ಕಲ್ಲುಮನೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ಏಳನೆಯ ಮನೆಯಲ್ಲಿ ಡಾಕ್ಟರ್ ವರದರಾಜ ಇದ್ದ. ಆರನೆಯ ಮನೆಯಲ್ಲಿ ನಾಗಭೂಷಣ ಇದ್ದ. ಏಳರ ಪಕ್ಕದಲ್ಲಿ ಆರಾಗಿರುವುದೇ ನಾಗಭೂಷಣನ ಹಣೆಯಬರಹವಾಗಿತ್ತು. ಅದು ಅಮೆರಿಕಕ್ಕೆ ಬಂದ ಮೇಲೆ ಬರೆದದ್ದೂ ಅಲ್ಲ.

ಇಬ್ಬರೂ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಒಂದೇ ಬಾಡಿಗೆಯ ಕೋಣೆಯಲ್ಲಿದ್ದರು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಯ ಪಕ್ಕದ ಮಂಚ ವರದನದು. ಅವನೇನೂ ಅದನ್ನು ಕಿತ್ತುಕೊಂಡಿರಲಿಲ್ಲ. ನಾಗಭೂಷಣನಿಗಿಂತ ಒಂದು ದಿನ ಮುಂಚೆ ಬಂದಿದ್ದ, ಅಷ್ಟೆ. ಮುಂದೆ ವರದ ವೈದ್ಯನಾದ, ನಾಗಭೂಷಣ ಲೋಹಶಾಸ್ತ್ರ ಓದಿದ. ವರದ ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅಮೆರಿಕಕ್ಕೆ ಬಂದ, ನಾಗಭೂಷಣ ಅರವತ್ತೇಳರಲ್ಲಿ. ವರದ ಕಾರು ಕೊಂಡ ವರ್ಷ ನಾಗಭೂಷಣ ಡ್ರೈವಿಂಗ್ ಕಲಿತ. ಹೀಗೆ ಎಲ್ಲದರಲ್ಲಿಯೂ ಒಂದು ಹೆಜ್ಜೆ ಹಿಂದೆ. ನೂರು ಹೆಜ್ಜೆ ಹಿಂದಿದ್ದರೆ ಮನುಷ್ಯ ನಮಸ್ಕಾರ ಮಾಡಿ ಸುಮ್ಮನಾಗುತ್ತಾನೆ. ಒಂದೇ ಹೆಜ್ಜೆ ಹಿಂದಿದ್ದವನಿಗೆ ನಿದ್ರೆ ಬರುವುದಿಲ್ಲ.

ನಾಗಭೂಷಣನ ಕೆಲಸ ಒಂದು ಪ್ರಯೋಗಾಲಯದಲ್ಲಿ. ಸೇತುವೆಗೆ, ಕಟ್ಟಡಕ್ಕೆ ಹೋಗುವ ಕಬ್ಬಿಣದ ಸರಳುಗಳನ್ನು ಯಂತ್ರದ ಎರಡು ದವಡೆಗಳ ನಡುವೆ ಕಚ್ಚಿಸಿ, ಅವು ತುಂಡಾಗುವ ತನಕ ಎಳೆಯುವುದು; ಎಷ್ಟು ಭಾರಕ್ಕೆ ತುಂಡಾಯಿತೆಂದು ಬರೆದಿಡುವುದು. ಯಂತ್ರಕ್ಕೆ ಹಾಕುವ ಮುನ್ನ ಸರಳನ್ನು ಒಮ್ಮೆ ಅಂಗೈಯಿಂದ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳುವ ಅಭ್ಯಾಸ ಅವನಿಗಿತ್ತು. ಬಿಗಿಯಾಗಿರುವ ಕಬ್ಬಿಣ ಹಾಡುತ್ತದೆ, ಸಡಿಲವಾದದ್ದು ಗೊಣಗುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಗೌರಾಂಬ ನಕ್ಕು, "ಹಾಗಾದ್ರೆ ನೀವು ಸಡಿಲವಾಗೇ ಇದೀರಿ ಬಿಡಿ," ಎನ್ನುತ್ತಿದ್ದಳು.

ಇನ್ನು ಆ ಮನೆಗಳ ವಿಷಯ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಹೋಲ್ರಾಯ್ಡ್ ಎಂಬ ಮೇಸ್ತ್ರಿ, ತನ್ನ ಊರಿನಲ್ಲಿ ಕಂಡಿದ್ದ ಕಲ್ಲಿನ ಸಾಲುಮನೆಗಳ ನೆನಪಿನಿಂದ ಇವನ್ನು ಕಟ್ಟಿಸಿದ್ದನಂತೆ. ಏಳು ಮನೆಗಳಾದರೂ ಬೀದಿಗೆ ಕಾಣುವುದು ಒಂದೇ ಅರಮನೆಯ ಮುಖ. ಒರಟಾಗಿ ಕಡಿದ ಕೆಂಪು ಮರಳುಗಲ್ಲು. ಕಿಟಕಿಗಳ ತಲೆಯ ಮಟ್ಟದಲ್ಲಿ ನಯವಾದ ಕಲ್ಲಿನ ಒಂದು ಪಟ್ಟಿ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಎಲ್ಲಿಯೂ ತುಂಡಾಗದೆ, ಸೀರೆಯ ಅಂಚಿನಂತೆ ಹರಿಯುತ್ತಿತ್ತು. ಮೊದಲನೆಯದಕ್ಕೂ ಏಳನೆಯದಕ್ಕೂ ಮೂಲೆಯಲ್ಲಿ ದುಂಡನೆಯ ಗೋಪುರ, ಅದರ ಮೇಲೆ ಕೊಡೆ ಮಡಿಸಿಟ್ಟಂತಹ ಚೂಪು ಚಾವಣಿ. ನಡುವಿನ ನಾಲ್ಕನೆಯದಕ್ಕೆ ಎತ್ತರದ ತ್ರಿಕೋನದ ಮುಖ, ಅದರಲ್ಲಿ ೧೮೮೮ ಎಂದು ಕೆತ್ತಿದ ಕಲ್ಲು. ಉಳಿದವು ಏನೂ ಇಲ್ಲದ ಮನೆಗಳು. ಆರನೆಯದು ಏನೂ ಇಲ್ಲದ ಮನೆ.

ವರದ ಎಪ್ಪತ್ತೊಂದರಲ್ಲಿ ಏಳನೆಯದನ್ನು ಕೊಂಡ. ಮರುವರ್ಷ ಪಕ್ಕದ್ದು ಖಾಲಿಯಾದಾಗ ಅವನೇ ಫೋನ್ ಮಾಡಿದ.

"ಲೋ ನಾಗ, ತಕ್ಷಣ ಲೋನ್‌ಗೆ ಅಪ್ಲೈ ಮಾಡೋ. ನಮ್ಮ ಪಕ್ಕದ್ದೇ. ಸೇಮ್ ಸ್ಟೋನು, ಸೇಮ್ ಡೋರು. ಗೋಪುರ ಒಂದಿಲ್ಲ, ಅದರಿಂದೇನು?"

ಅದರಿಂದೇನು ಎಂಬುದು ನಾಗಭೂಷಣನಿಗೆ ಆ ಮನೆಗೆ ಹೊಕ್ಕ ಮೇಲೆ ತಿಳಿಯಿತು. ಮೂಲೆಯ ಮನೆಗೆ ಮೂರು ಕಡೆ ಕಿಟಕಿ. ನಡುವಿನ ಮನೆಗೆ ಮುಂದೆ ಒಂದು, ಹಿಂದೆ ಒಂದು. ಹದಿನಾರು ಅಡಿ ಅಗಲದ ಆ ಮನೆಯಲ್ಲಿ ಕೆಳಗೆ ಮೂರು, ಮಹಡಿಯ ಮೇಲೆ ಮೂರು ಕೋಣೆಗಳು ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು. ನಡುವಿನ ಕೋಣೆಗಳಿಗೆ ಸೂರ್ಯನೆಂದರೆ ಕೇಳಿ ಗೊತ್ತು. ಗೌರಾಂಬ ಹೊಲಿಗೆ ಯಂತ್ರವನ್ನು ಕೆಳಗಿನ ನಡುಕೋಣೆಯಲ್ಲಿಟ್ಟುಕೊಂಡು ಹಗಲು ಹನ್ನೆರಡು ಗಂಟೆಗೂ ದೀಪ ಹಾಕುತ್ತಿದ್ದಳು.

ಆದರೆ ಹೊಟ್ಟೆಕಿಚ್ಚಿಗೆ ನಿಜವಾದ ಸೌದೆಯಾದದ್ದು ಒಂದು ಕರಿಬೇವಿನ ಗಿಡ. ಆ ಕಾಲಕ್ಕೆ ಅಮೆರಿಕದಲ್ಲಿ ಹಸಿ ಕರಿಬೇವೆಂದರೆ ಬಂಗಾರದ ಎಲೆ. ವರದನ ಹೆಂಡತಿ ಪಂಕಜ ಗೋಪುರದ ಮೇಲಿನ ದುಂಡುಕೋಣೆಯಲ್ಲಿ ಒಂದು ಕುಂಡವಿಟ್ಟು, ಅದನ್ನು ಎದೆಯೆತ್ತರ ಬೆಳೆಸಿದ್ದಳು. ಬೀದಿಯಿಂದ ತಲೆಯೆತ್ತಿದರೆ ಗಾಜಿನ ಹಿಂದೆ ಕಾಣುತ್ತಿತ್ತು. ಅದರ ಬೀಜದಿಂದ ಗೌರಾಂಬ ಮೂರು ಸಲ ಸಸಿ ಎಬ್ಬಿಸಿದಳು. ಮುಂದಿನ ಕಿಟಕಿಗೆ ಉತ್ತರದ ಗಾಳಿ, ಹಿಂದಿನ ಕಿಟಕಿಗೆ ಹಿತ್ತಿಲಾಚೆಯ ಮನೆಯ ಗೋಡೆ. ಮೂರೂ ಸತ್ತವು.

ಪಂಕಜ ಒಳ್ಳೆಯವಳು. ವಾರಕ್ಕೊಮ್ಮೆ ಒಂದು ಕಡ್ಡಿ ಕಿತ್ತು, ಕಾಗದದಲ್ಲಿ ಸುತ್ತಿ ಕಳುಹಿಸುತ್ತಿದ್ದಳು. ಆ ದಿನ ನಾಗಭೂಷಣ ಸಾರಿನಲ್ಲಿದ್ದ ಎಲೆಗಳನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ.

"ಕಹಿ," ಎನ್ನುತ್ತಿದ್ದ.

"ಕರಿಬೇವು ಕಹಿಯೋ, ಕೊಟ್ಟವರ ಮನೆ ಕಹಿಯೋ?" ಎಂದು ಗೌರಾಂಬ ಕೇಳುತ್ತಿದ್ದಳು.

ಇನ್ನೊಂದು ಸೌದೆಯೆಂದರೆ ಒಂದು ನಕ್ಷತ್ರ. ಏಳನೆಯ ಮನೆಯ ಹೊರಗೋಡೆಯ ಮೇಲೆ, ಗೋಪುರದ ಮಗ್ಗುಲಲ್ಲಿ, ಮಹಡಿಯ ಮಟ್ಟಕ್ಕೆ ಊಟದ ತಟ್ಟೆಯಷ್ಟು ಅಗಲದ ಐದು ಮೂಲೆಯ ಒಂದು ಕಬ್ಬಿಣದ ನಕ್ಷತ್ರವಿತ್ತು. ವರದ ಏಣಿ ಹಾಕಿಸಿ ಅದಕ್ಕೆ ಚಿನ್ನದ ಬಣ್ಣ ಬಳಿಸಿದ್ದ. ಮನೆಗೆ ಬಂದವರನ್ನೆಲ್ಲ ಮೊದಲು ಬೀದಿಯಲ್ಲಿ ನಿಲ್ಲಿಸಿ ಅದನ್ನು ತೋರಿಸುತ್ತಿದ್ದ.

"ಯಾವುದೋ ರಾಜಮನೆತನದ ಲಾಂಛನ ಇರಬೇಕು ಕಣ್ರೀ. ಈ ರೋನಲ್ಲಿ ನಮ್ಮನೆಗೆ ಮಾತ್ರ ಇದೆ."

ನಾಗಭೂಷಣ ಆ ನಕ್ಷತ್ರದ ಕೆಳಗೆ ದಿನವೂ ಎರಡು ಸಲ ನಡೆದುಹೋದ. ದಿನವಿಡೀ ಕಬ್ಬಿಣವನ್ನೇ ನೋಡುವ ಮನುಷ್ಯ, ಆ ಕಬ್ಬಿಣ ಅಲ್ಲಿ ಏಕಿದೆಯೆಂದು ನಾಲ್ಕು ವರ್ಷ ಯೋಚಿಸಲಿಲ್ಲ. ತನಗೆ ಏಕಿಲ್ಲ ಎಂದಷ್ಟೇ ಯೋಚಿಸಿದ. ಹೊಟ್ಟೆಕಿಚ್ಚಿನ ಹೊಗೆ ಮೊದಲು ಕಣ್ಣಿಗೇ ತುಂಬಿಕೊಳ್ಳುತ್ತದೆ.

ಎಪ್ಪತ್ತಾರರ ಬೇಸಿಗೆಯಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು. ಮಂಡ್ಯದ ಹತ್ತಿರ ಅವನ ಸೋದರಮಾವನ ಮನೆ ತೊಟ್ಟಿಯ ಮನೆ. ಅದಕ್ಕೂ ಎರಡು ಪಕ್ಕಗಳಲ್ಲಿ ಬೇರೆಯವರ ಗೋಡೆ. ಆದರೂ ನಡುಮನೆಯಲ್ಲಿ ಬೆಳಕು ಕೊಡದಿಂದ ಸುರಿದಂತೆ ಸುರಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಮಾಡಿದರೆ? ಚಾವಣಿಯನ್ನು ತೆರೆದು ಗಾಜು ಹೊದಿಸುವುದು. ಮಹಡಿಯ ನಡುಕೋಣೆಯ ನೆಲವನ್ನು ಆರಡಿ ಚೌಕ ಕತ್ತರಿಸುವುದು. ಬೆಳಕು ನೇರ ಕೆಳಗಿನ ನಡುಕೋಣೆಗೆ ಇಳಿಯುವುದು. ಅಲ್ಲಿ ಕುಂಡವಿಡುವುದು. ವರದನ ಮನೆಯ ಬೆಳಕು ಪಕ್ಕದಿಂದ ಬರುವ ಬೆಳಕು. ತನ್ನದು ನೆತ್ತಿಯಿಂದ ಬರುವ ಬೆಳಕು.

"ಇಂಗ್ಲಿಷರ ಮನೇಲಿ ತೊಟ್ಟಿಯೇ?" ಎಂದಳು ಗೌರಾಂಬ.

"ಯಾಕಾಗಬಾರದು?"

"ಆಗಬಾರದು ಅನ್ನಲಿಲ್ಲ. ಗಿಡಕ್ಕೋ, ವರದಣ್ಣನಿಗೋ ಅಂತ ಕೇಳ್ದೆ."

ಕೆಲಸಕ್ಕೆ ಸಿಕ್ಕವನು ಹಾಕಿನ್ಸ್ ಎಂಬ ವಯಸ್ಸಾದ ಕರಿಯ ಬಡಗಿ. ಸೌತ್ ಕೆರೊಲೈನಾದಿಂದ ಬಂದು ಮೂವತ್ತು ವರ್ಷ ಈ ಊರಿನ ಮನೆಗಳನ್ನು ರಿಪೇರಿ ಮಾಡಿದವನು. ಅಕ್ಟೋಬರ್ ಆರಂಭದೊಳಗೆ ಚಾವಣಿಯ ಗಾಜು ಕೂತಿತು. ಒಂದು ಶುಕ್ರವಾರ ಮಹಡಿಯ ಹಲಗೆಗಳನ್ನು ಎಬ್ಬಿಸುತ್ತಿದ್ದಾಗ ಅವನು ಕೂಗಿದ.

"ಮಿಸ್ಟರ್ ಭೂಷಣ್! ಇಲ್ಲೊಂದು ಹಳೆಯ ಗ್ಯಾಸ್ ಪೈಪು ಅಡ್ಡ ಬಂದಿದೆ. ದೀಪಕ್ಕೆ ಗ್ಯಾಸ್ ಉರಿಸುತ್ತಿದ್ದ ಕಾಲದ್ದು. ಈ ಮನೆಗಳಲ್ಲಿ ಇಂಥವು ಬೇಕಾದಷ್ಟು. ಕತ್ತರಿಸಿಬಿಡಲಾ?"

ತೊಲೆಗಳ ನಡುವೆ, ಎಷ್ಟೋ ವರ್ಷದ ಧೂಳು ಮೆತ್ತಿಕೊಂಡು, ಹೆಬ್ಬೆರಳು ದಪ್ಪದ ಒಂದು ಕಬ್ಬಿಣ ಈ ಗೋಡೆಯಿಂದ ಆ ಗೋಡೆಗೆ ಹಾಯ್ದಿತ್ತು. ನಾಗಭೂಷಣ ಮಂಡಿಯೂರಿ ಕುಳಿತು, ಅಭ್ಯಾಸದಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ.

ಪೈಪಾಗಿದ್ದರೆ ಡಬ್ ಎನ್ನಬೇಕಿತ್ತು. ಅದು ಟಿಣ್ ಎಂದಿತು. ಆ ಸದ್ದು ಪಕ್ಕದ ಗೋಡೆಯೊಳಗೆ ಹೋಗಿ, ಇನ್ನೂ ಆಚೆ ಹೋಗಿ ನಿಂತಿತು.

ಆ ಕ್ಷಣದಲ್ಲಿ ಅವನಿಗೆ ಎಲ್ಲವೂ ತಿಳಿಯಿತು. ಇದು ಎಳೆತದಲ್ಲಿರುವ ಸರಳು. ಇದರ ಒಂದು ತುದಿ ತನ್ನ ಮನೆಯ ಆಚೆ ಗೋಡೆಯಲ್ಲಿದೆ. ಇನ್ನೊಂದು ತುದಿ ವರದನ ಮನೆಯ ನೆಲದ ಕೆಳಗೆ ಹಾಯ್ದು, ಹೊರಗೋಡೆಯನ್ನು ತೂರಿ, ಒಂದು ಕಬ್ಬಿಣದ ನಕ್ಷತ್ರದಲ್ಲಿ ಮುಗಿಯುತ್ತದೆ. ರಾಜಮನೆತನವೂ ಇಲ್ಲ, ಲಾಂಛನವೂ ಇಲ್ಲ. ಅದು ಸರಳಿನ ತುದಿಯ ಬಿಲ್ಲೆ. ಗೋಪುರ ಹೊರಕ್ಕೆ ವಾಲದಂತೆ ಅದನ್ನು ಹಿಡಿದುಕೊಂಡಿರುವುದು ಏನೂ ಇಲ್ಲದ ಆರನೆಯ ಮನೆ.

"ಕತ್ತರಿಸಲಾ?" ಎಂದು ಹಾಕಿನ್ಸ್ ಮತ್ತೆ ಕೇಳಿದ.

"ಇವತ್ತು ಬೇಡ," ಎಂದ ನಾಗಭೂಷಣ. "ಸೋಮವಾರ ನೋಡೋಣ."

ಅದು ಪೈಪಲ್ಲ ಎಂದು ಮಾತ್ರ ಅವನು ಹೇಳಲಿಲ್ಲ.

ಹಾಕಿನ್ಸ್ ಹೋದ ಮೇಲೆ ಅವನು ಬೀದಿಗೆ ಇಳಿದು ನೋಡಿದ. ಗೋಪುರ ಗೋಡೆಯನ್ನು ಸೇರುವ ಕಡೆ, ಹಬ್ಬಿದ ಬಳ್ಳಿಯ ಹಿಂದೆ, ಕಲ್ಲುಗಳ ನಡುವೆ ಮೇಲಿಂದ ಕೆಳಕ್ಕೆ ಗಾರೆ ತುಂಬಿದ ಒಂದು ಹಳೆಯ ಗೆರೆ ಇತ್ತು, ಮಾಗಿದ ಗಾಯದ ಹಾಗೆ. ಎಂದೋ ಒಮ್ಮೆ ಗೋಪುರ ಜರುಗಿದೆ. ಆಗ ಸರಳು ಹಾಕಿ ಬಿಗಿದಿದ್ದಾರೆ. ಆ ಗೆರೆಯನ್ನು ನೋಡುತ್ತ ಅವನಿಗೆ, ಹೇಳಿಕೊಳ್ಳಲಾಗದಂತಹ ಒಂದು ಸುಖವಾಯಿತು.

ಶನಿವಾರವೆಲ್ಲ ಅವನು ಲೆಕ್ಕ ಹಾಕಿದ. ಸರಳು ಕತ್ತರಿಸಿದರೆ ಗೋಪುರ ತಟಕ್ಕನೆ ಬೀಳುವುದಿಲ್ಲ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಬಾಗಿಲು ಹಿಡಿದುಕೊಳ್ಳುತ್ತದೆ, ಕಿಟಕಿ ಮುಚ್ಚುವುದಿಲ್ಲ. ಗಾಳಿ ನುಗ್ಗುವ ಆ ಕೋಣೆಯಿಂದ ಪಂಕಜ ಕರಿಬೇವಿನ ಕುಂಡವನ್ನು ಎತ್ತಿ ಒಳಗೆ, ಕತ್ತಲೆಗೆ ಇಡಬೇಕಾಗುತ್ತದೆ. ಯಾರಾದರೂ ಕೇಳಿದರೆ, ಗ್ಯಾಸ್ ಪೈಪು ಅಂದುಕೊಂಡಿದ್ದೆವು. ಬಡಗಿಯೇ ಹಾಗೆ ಹೇಳಿದ. ಮಾತು ಸಿದ್ಧವಾಗಿಯೇ ಇತ್ತು.

ಗೋಪುರ ಬೀಳುವುದು ನಾಗಭೂಷಣನಿಗೆ ಬೇಕಾಗಿರಲಿಲ್ಲ. ಸ್ವಲ್ಪ ವಾಲಿದರೆ ಸಾಕಾಗಿತ್ತು.

ಮರುದಿನ ಭಾನುವಾರ ನವರಾತ್ರಿಯ ಗೊಂಬೆ ಆರತಿ ವರದನ ಮನೆಯಲ್ಲಿ. ಪಂಕಜ ಗೋಪುರದ ದುಂಡುಕೋಣೆಯಲ್ಲಿ ಗೋಡೆಯ ತಿರುವಿಗೆ ಒಪ್ಪುವಂತೆ ಏಳು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದಳು. ದೂರದ ಷಾರ್ಲೆಟ್ ಊರಿನಿಂದ ಕೂಡ ಒಂದು ಕುಟುಂಬ ಡ್ರೈವ್ ಮಾಡಿಕೊಂಡು ಬಂದಿತ್ತು. ರೇಷ್ಮೆ ಸೀರೆ, ಚಕ್ಕುಲಿ, ಕೇಸರಿಬಾತು, ಮಕ್ಕಳ ಗಲಾಟೆ. ವರದ ಕಾಫಿಯ ಲೋಟ ಹಿಡಿದು ನಡುವೆ ನಿಂತಿದ್ದ.

"ಕೇಳಿದ್ರಾ? ನಮ್ಮ ನಾಗ ಮನೆಯೊಳಗೆ ಬಾವಿ ತೋಡಿಸ್ತಿದಾನೆ. ಅದೂ ಮೇಲ್ಗಡೆಯಿಂದ!"

ಎಲ್ಲರೂ ನಕ್ಕರು.

"ಬಾವಿ ಅಲ್ಲವೋ, ತೊಟ್ಟಿ," ಎಂದ ನಾಗಭೂಷಣ.

"ಯಾವುದೋ ಒಂದು. ಲೋ, ಬೆಳಕು ಬೇಕಾದ್ರೆ ಇಲ್ಲಿಗೆ ಬಾರೋ. ದಿನಾ ಒಂದು ಗಂಟೆ ಈ ಕಿಟಕಿ ಹತ್ರ ಕೂತ್ಕೊಂಡು ಹೋಗು. ಪ್ರಿಸ್ಕ್ರಿಪ್ಶನ್ ಬರ್ಕೊಡ್ತೀನಿ!"

ಮತ್ತೆ ನಗು. ಗೌರಾಂಬ ನಗಲಿಲ್ಲ, ಗಂಡನ ಮುಖ ನೋಡಿದಳು. ಅವನು ಲೋಟವನ್ನು ಕಿಟಕಿಯ ಕಲ್ಲಿನ ಮೇಲಿಟ್ಟು, "ತಲೆ ನೋವು," ಎಂದು ಹೇಳಿ ಕೆಳಗಿಳಿದು ತನ್ನ ಮನೆಗೆ ಬಂದ.

ಮಹಡಿಯ ನಡುಕೋಣೆಯಲ್ಲಿ ಹೊಸ ಗಾಜಿನಿಂದ ಮಧ್ಯಾಹ್ನದ ಬಿಸಿಲು ಇಳಿದು, ತೆರೆದ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಸರಳು ಆ ಬಿಸಿಲಿನಲ್ಲಿ ಅಡ್ಡ ಮಲಗಿತ್ತು. ಹಾಕಿನ್ಸ್ ಬಿಟ್ಟುಹೋಗಿದ್ದ ಕಬ್ಬಿಣ ಕೊಯ್ಯುವ ಗರಗಸ ಹಲಗೆಯ ಮೇಲಿತ್ತು. ನಾಗಭೂಷಣ ಅದನ್ನು ತೆಗೆದುಕೊಂಡು, ಸರಳಿನ ಮೇಲೆ ಇಟ್ಟು, ಒಂದು ಸಲ ಎಳೆದ.

ಧೂಳು ಹಾರಿ, ಒಳಗಿನ ಕಬ್ಬಿಣ ಬೆಳ್ಳಿಯ ಗೆರೆಯಂತೆ ಹೊಳೆಯಿತು.

ಎರಡನೆಯ ಸಲ ಎಳೆಯುವ ಮೊದಲು, ಸರಳು ಅಲುಗದಿರಲೆಂದು, ಪ್ರಯೋಗಾಲಯದಲ್ಲಿ ಹಿಡಿಯುವಂತೆಯೇ ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದ. ಸರಳು ನಡುಗುತ್ತಿತ್ತು. ಯಂತ್ರದ ನಡುಕವಲ್ಲ. ಗೋಪುರದ ಹಲಗೆಯ ಮೇಲೆ ಮಕ್ಕಳು ಓಡುತ್ತಿದ್ದರು. ಒಂದೊಂದು ಹೆಜ್ಜೆಯೂ ಅವನ ಅಂಗೈಗೆ ಬಂದು ತಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಓಟ ನಿಂತಿತು. ಅದರ ಬದಲು, ಗೋಡೆಯ ಆಚೆಯಿಂದ, ಒಂದು ದೇವರನಾಮ ಮಂದವಾಗಿ ಕೇಳಿಬಂತು. ಹಾಡುತ್ತಿದ್ದವಳು ಅವನ ಮಗಳು ಉಷಾ, ಒಂಬತ್ತು ವರ್ಷದವಳು. ಎರಡನೆಯ ಸಾಲನ್ನು ಅವಳು ಯಾವಾಗಲೂ ಮರೆಯುತ್ತಿದ್ದಳು. ಇಂದೂ ಮರೆತಳು. ಹೇಳಿಕೊಟ್ಟದ್ದು ವರದನ ದಪ್ಪ ದನಿ. ಅವನಿಗೂ ಸರಿಯಾಗಿ ಬಾರದು. ಹೇಗೋ ಇಬ್ಬರೂ ಸೇರಿ ಮುಗಿಸಿದರು. ಚಪ್ಪಾಳೆ ತಟ್ಟಿದ್ದು ಸರಳಿನಲ್ಲಿ ಸಣ್ಣ ಮಳೆಯಂತೆ ಬಂತು.

ನಾಗಭೂಷಣ ಗರಗಸವನ್ನು ಕೆಳಗಿಟ್ಟ.

ಆಮೇಲೆ ಅವನ ಕಣ್ಣು ಆ ಬೆಳ್ಳಿಯ ಗೆರೆಯ ಮೇಲೆ ಬಿತ್ತು. ಅವನ ಕಸುಬು ಅವನಿಗೆ ಗೊತ್ತಿತ್ತು. ಸರಳು ತುಂಡಾಗುವುದು ದಪ್ಪವಿದ್ದಲ್ಲಿ ಅಲ್ಲ, ತೆಳ್ಳಗಿದ್ದಲ್ಲಿಯೂ ಅಲ್ಲ, ಗೀರು ಬಿದ್ದಲ್ಲಿ. ಕೂದಲೆಳೆಯಷ್ಟು ಗೀರಾದರೂ ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅವನು ಕಬ್ಬಿಣ ಉಜ್ಜುವ ಅರ ಹುಡುಕಿ ತಂದು, ಆ ಗೀರಿನ ಎರಡು ಕಡೆಯನ್ನೂ ಉಜ್ಜತೊಡಗಿದ. ಅಂಚು ಉಳಿಯಬಾರದು, ಮೊನೆ ಉಳಿಯಬಾರದು. ಗೌರಾಂಬ ಕುಂಕುಮದ ತಟ್ಟೆ ಹಿಡಿದು ಮನೆಗೆ ಬಂದಾಗ ಅವನು ಇನ್ನೂ ಉಜ್ಜುತ್ತಲೇ ಇದ್ದ. ಅಂಗಿಯ ತುಂಬ ಕಬ್ಬಿಣದ ಪುಡಿ.

ಅವಳು ಗರಗಸ ನೋಡಿದಳು, ಸರಳು ನೋಡಿದಳು, ಪಕ್ಕದ ಗೋಡೆ ನೋಡಿದಳು. ಅವಳು ದಡ್ಡಿಯಲ್ಲ.

"ತಲೆನೋವು ಹೋಯ್ತಾ?"

"ಹೋಯ್ತು."

"ಉಷಾ ಹಾಡಿದಳು."

"ಕೇಳಿಸ್ತು."

ಗೌರಾಂಬ ಕುಂಕುಮದ ತಟ್ಟೆಯನ್ನು ಕೆಳಗಿಟ್ಟಳು. ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಅವನ ಪಕ್ಕದಲ್ಲಿಟ್ಟಳು.

ಸೋಮವಾರ ಹಾಕಿನ್ಸ್ ಬಂದಾಗ ನಾಗಭೂಷಣ ನಿಜವನ್ನು ಹೇಳಿದ. ಮುದುಕ ಟೋಪಿ ತೆಗೆದು ಬಹಳ ಹೊತ್ತು ಸರಳನ್ನು ನೋಡಿದ.

"ನಾನಂತೂ ಕೊಯ್ದುಬಿಡುತ್ತಿದ್ದೆ," ಎಂದ. "ಶುಕ್ರವಾರವೇ ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

ಹಾಕಿನ್ಸ್ ಟೋಪಿ ಹಾಕಿಕೊಂಡ. "ಹಾಗಾದರೆ ಶುಕ್ರವಾರವೇ ಹೇಳಬೇಕಿತ್ತು," ಎಂದಷ್ಟೇ ಹೇಳಿ ಅಳತೆಪಟ್ಟಿ ಬಿಚ್ಚಿದ. ದೊಡ್ಡ ಬೈಗಳಿಗಿಂತ ಆ ಒಂದು ಮಾತು ನಾಗಭೂಷಣನಿಗೆ ಭಾರವಾಯಿತು.

ತೊಟ್ಟಿ ಆರಡಿಯಿಂದ ನಾಲ್ಕಡಿಗೆ ಇಳಿಯಿತು. ಸುತ್ತಲೂ ದಪ್ಪ ತೊಲೆ ಕೂರಿಸಿದರು. ಸರಳು ಇದ್ದಲ್ಲಿಯೇ ಉಳಿದು, ಬೆಳಕಿನ ಬಾವಿಗೆ ಅಡ್ಡಲಾಗಿ, ಬರಿಯ ಗಾಳಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಾಯ್ದಿತು. ಅದರ ನಡುವೆ ಎರಡು ತುಂಡುಗಳು ಸೇರುವ ಕಡೆ, ತಿರುಗಿಸಿ ಬಿಗಿ ಮಾಡುವ ಒಂದು ತಿರುಪು ಇತ್ತು. ಚಳಿಗೆ ಕಬ್ಬಿಣ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಬೇಸಿಗೆಗೆ ಸಡಿಲವಾದದ್ದನ್ನು ವರ್ಷಕ್ಕೊಮ್ಮೆ ನೋಡಿ ಬಿಗಿ ಮಾಡಬೇಕು, ಆಚೆ ಮನೆಯವರಿಗೂ ತಿಳಿಸಬೇಕು ಎಂದ ಹಾಕಿನ್ಸ್.

ಹೀಗಾಗಿ ವರದನನ್ನು ಕರೆಯಲೇಬೇಕಾಯಿತು. ಅವನು ಆಸ್ಪತ್ರೆಯಿಂದ ನೇರ ಬಂದ, ಕೋಟು ಸಹ ಬಿಚ್ಚಿರಲಿಲ್ಲ. ಕೆಳಗಿನ ನಡುಕೋಣೆಯಲ್ಲಿ ತಲೆಯೆತ್ತಿ ನಿಂತ. ಬಾಯಿ ತೆರೆದೇ ಇತ್ತು. ಇಪ್ಪತ್ತೈದು ವರ್ಷದ ಸ್ನೇಹದಲ್ಲಿ ನಾಗಭೂಷಣ ಆ ನೋಟವನ್ನು ಕಂಡದ್ದು ಅದೇ ಮೊದಲು.

"ಇದು… ನಮ್ಮ ಗೋಪುರದ್ದಾ?"

"ನಿನ್ನ ರಾಜಮನೆತನದ ಬಾಲ," ಎಂದ ನಾಗಭೂಷಣ. "ಹೊರಗಡೆ ಬಂಗಾರದ ಬಣ್ಣ ಹಚ್ಚಿದೀಯಲ್ಲ, ಅದರದ್ದು."

"ಇದಿಲ್ಲದಿದ್ರೆ?"

"ವಾಲುತ್ತೆ."

ವರದ ಏಣಿ ಹತ್ತಿ, ಕನ್ನಡಕ ಸರಿಮಾಡಿಕೊಂಡು, ನಾಡಿ ನೋಡುವವನಂತೆ ಸರಳಿನ ಮೇಲೆ ಎರಡು ಬೆರಳಿಟ್ಟ. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಯಾಕೋ ಹೊಳೀತಿದೆ? ಸ್ವಲ್ಪ ಸವೆದ ಹಾಗಿದೆ?"

ಗೌರಾಂಬ ಹೊಲಿಗೆ ಯಂತ್ರದ ಚಕ್ರದ ಮೇಲಿದ್ದ ಕೈಯನ್ನು ಎತ್ತಲಿಲ್ಲ. ನಾಗಭೂಷಣ ನೆಲ ನೋಡಿದ.

"ಗೀರಾಗಿತ್ತು. ಉಜ್ಜಿ ನಯ ಮಾಡಿದೀನಿ. ಈಗ ಭಯವಿಲ್ಲ."

ಯಾರು ಗೀರಿದರೆಂದು ವರದ ಕೇಳಲಿಲ್ಲ. ತಿಳಿಯಲಿಲ್ಲವೋ, ತಿಳಿದೂ ಕೇಳಲಿಲ್ಲವೋ, ಅದು ನಾಗಭೂಷಣನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಏಣಿ ಇಳಿದು, ಚಾವಣಿಯ ಗಾಜನ್ನೂ ನೆಲದ ಮೇಲಿನ ಬಿಸಿಲನ್ನೂ ನೋಡುತ್ತ ಅವನು ಹೇಳಿದ:

"ನೆತ್ತಿ ಮೇಲಿಂದ ಬರತ್ತಲ್ಲೋ ಬೆಳಕು. ನಮ್ಮನೇಲಿ ಹೀಗಿಲ್ಲ."

ಆ ಮಾತನ್ನು ನಾಗಭೂಷಣ ಎಷ್ಟೋ ದಿನ ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡಿದ್ದ.

ಹಾಗೆಂದು ಅವನ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬಾರದು. ನಾಲ್ಕನೆಯ ಸಸಿ ತೊಟ್ಟಿಯ ಕೆಳಗೆ ಬದುಕಿಕೊಂಡಿತು, ಆದರೆ ಎರಡು ವರ್ಷವಾದರೂ ಮೊಣಕಾಲೆತ್ತರ. ನಾಗಭೂಷಣ ಬೀದಿಯಲ್ಲಿ ನಿಂತು ಗೋಪುರದ ಕಿಟಕಿಯ ಗಿಡವನ್ನು ಕಣ್ಣಿನಿಂದ ಅಳೆಯುವುದನ್ನು ಬಿಡಲಿಲ್ಲ. ಸಾರಿನ ಎಲೆಗಳನ್ನು ಮಾತ್ರ ತಿನ್ನತೊಡಗಿದ. ಸರಳಿನ ಮೇಲೆ ಒಂದು ಒದ್ದೆ ಕರವಸ್ತ್ರ ಹರವಲೂ ಅವನು ಯಾರಿಗೂ ಬಿಡುತ್ತಿರಲಿಲ್ಲ. ಗೌರಾಂಬ ಒಮ್ಮೆ ದೀಪಾವಳಿಗೆ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಬೇಕೆಂದಾಗ, ಮಾಲೆಯನ್ನು ತೂಗಿ ನೋಡಿ ಆಮೇಲೆ ಒಪ್ಪಿದ.

ಪ್ರತಿವರ್ಷ ಅಕ್ಟೋಬರಿನಲ್ಲಿ, ಮೊದಲ ಚಳಿ ಬಿದ್ದ ವಾರ, ವರದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಲೋ ನಾಗ, ಗೋಪುರದ ಬಾಗಿಲು ಸ್ವಲ್ಪ ಹಿಡೀತಿದೆ ಕಣೋ. ಒಂದು ಸುತ್ತು ಟೈಟ್ ಮಾಡ್ತೀಯಾ?"

ನಾಗಭೂಷಣ ಪತ್ರಿಕೆಯಿಂದ ಕಣ್ಣೆತ್ತದೆ, "ನೋಡೋಣ," ಎನ್ನುತ್ತಿದ್ದ.

ತಿರುಪಿಗೆ ಬೇಕಾದ ಸ್ಪ್ಯಾನರ್ ಅಷ್ಟರಲ್ಲಾಗಲೇ ಎಣ್ಣೆ ಹಚ್ಚಿಸಿಕೊಂಡು ಏಣಿಯ ಬುಡದಲ್ಲಿ ಸಿದ್ಧವಾಗಿರುತ್ತಿತ್ತು. ಆದರೂ ವರದ ಎರಡನೆಯ ಸಲ ಕೇಳುವವರೆಗೆ ಅವನು ಕುರ್ಚಿಯಿಂದ ಏಳುತ್ತಿರಲಿಲ್ಲ.